ಮಕ್ಕಳ ಆಟ, ನಮ್ಮ ಕೆಲಸ: ಕೆಲಸಕ್ಕೆ ಹೋಗುವ ಅಪ್ಪ-ಅಮ್ಮಂದಿರಿಗೆ

ಶಾಲಾ ಕ್ರೀಡಾಕೂಟ ಹೋಬಳಿಯಿಂದ ತಾಲೂಕು, ಜಿಲ್ಲೆ, ವಿಭಾಗ ಅಂತ ಮೇಲೇರ್ತಾ ಹೋಗುತ್ತೆ. ಗೆದ್ದ ಕೆಲವೇ ದಿನಕ್ಕೆ ಮುಂದಿನ ಸುತ್ತು ಬರಬಹುದು. ಹಾಗಾಗಿ ಜನನ ಪ್ರಮಾಣಪತ್ರ, ಆಧಾರ್, ಪಾಸ್‌ಪೋರ್ಟ್ ಅಳತೆಯ ಫೋಟೋ ಈಗಲೇ ಒಂದು ಫೈಲಿನಲ್ಲಿಡಿ. ಅಂಡರ್-13, ಅಂಡರ್-15 ಟೂರ್ನಿಗಳಲ್ಲೂ ವಯಸ್ಸಿನ ದಾಖಲೆ ಕೇಳ್ತಾರೆ. ದಿನಾಂಕ ತಿಳಿದ ತಕ್ಷಣ ಆಫೀಸಿಗೆ ರಜೆ ಹೇಳಿ.

ಎಲ್ಲಾ ಪ್ರಾಕ್ಟೀಸಿಗೂ ಹೋಗಲೇಬೇಕು ಅಂತಿಲ್ಲ. ಅದೇ ಬಡಾವಣೆಯ ಎರಡು-ಮೂರು ಮನೆಯವರು ಸೇರಿ ಕರ್ಕೊಂಡು ಹೋಗೋದು, ಕರ್ಕೊಂಡು ಬರೋದು ಸರದಿಯಲ್ಲಿ ಹಂಚಿಕೊಳ್ಳಿ. ಶೂ, ನೀರಿನ ಬಾಟಲಿ, ಟವೆಲ್ ರಾತ್ರಿಯೇ ಬ್ಯಾಗಿಗೆ ಸೇರಲಿ. ಅದನ್ನು ಮಗುವೇ ಜೋಡಿಸಿಕೊಳ್ಳಲಿ, ನೀವು ನೋಡಿದರೆ ಸಾಕು.

ಪಂದ್ಯಕ್ಕೆ ಎರಡು-ಮೂರು ಗಂಟೆ ಮುಂಚೆ ಇಡ್ಲಿಯೋ ಮೊಸರನ್ನವೋ ಕೊಡಿ, ಹತ್ತಿರ ಬಂದಾಗ ಬಾಳೆಹಣ್ಣು. ಹೊಸ ತಿಂಡಿ ಅವತ್ತು ಬೇಡವೇ ಬೇಡ. 6ರಿಂದ 12 ವರ್ಷದ ಮಕ್ಕಳಿಗೆ ಕನಿಷ್ಠ 9 ಗಂಟೆ ನಿದ್ದೆ ಬೇಕು. ಬೆಳಗಿನ ಜಾವದ ಕೋಚಿಂಗ್ ಇದ್ದರೆ ಹೋಮ್‌ವರ್ಕ್ ಸಂಜೆಯೇ ಮುಗಿಸಿ.

ಸೋತು ಬಂದಾಗ ಗಾಡಿಯಲ್ಲಿ ಪಂದ್ಯದ ವಿಮರ್ಶೆ ಮಾಡಬೇಡಿ, ದಯವಿಟ್ಟು. ತಪ್ಪು ತಿದ್ದೋಕೆ ಕೋಚ್ ಇದ್ದಾರೆ. ‘ಹಸಿವಾಗಿದ್ಯಾ ಪುಟ್ಟ?’ ಅಂತ ಕೇಳಿ, ಮಿಕ್ಕಿದ್ದನ್ನು ಮಗುವೇ ಹೇಳುತ್ತೆ.