ಕೀಬೋರ್ಡ್ ರೆಕಾರ್ಡಿಂಗ್: ಸಾಫ್ಟ್‌ವೇರ್‌ಗೂ ಮುಂಚೆ ಕೇಬಲ್ ನೋಡಿ

ಮನೆಯಲ್ಲಿ ಕ್ಯಾಸಿಯೋ ಅಥವಾ ಯಮಾಹಾ ಕೀಬೋರ್ಡ್ ಇದೆ, ಲ್ಯಾಪ್‌ಟಾಪ್ ಇದೆ, ನುಡಿಸಿದ್ದನ್ನು ಉಳಿಸಿಟ್ಟುಕೊಳ್ಳುವ ಆಸೆಯೂ ಇದೆ. ಉಚಿತ ಎಂದು ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಇಳಿಸಿಕೊಂಡು, ಯುಎಸ್‌ಬಿ ಕೇಬಲ್ ಚುಚ್ಚಿ, ಕೆಂಪು ಗುಂಡಿ ಒತ್ತಿದರೆ ಪರದೆಯ ಮೇಲೆ ಬರೀ ನೆಟ್ಟಗಿನ ಗೆರೆ. ಕೀಬೋರ್ಡ್ ಕೆಟ್ಟಿಲ್ಲ, ಕೇಬಲ್ಲೂ ಸರಿಯಾಗಿಯೇ ಇದೆ. ಬಹುತೇಕ ಕೀಬೋರ್ಡ್‌ಗಳ ಯುಎಸ್‌ಬಿ ಕೇಬಲ್‌ನಲ್ಲಿ ಹರಿಯುವುದು ಮಿಡಿ ಸಂದೇಶ, ಅದನ್ನು ರೆಕಾರ್ಡ್ ಮಾಡಲು ಆಡಾಸಿಟಿಗೆ ಬರುವುದಿಲ್ಲ.

1983ರಿಂದ ಬಳಕೆಯಲ್ಲಿರುವ ಮಿಡಿಯಲ್ಲಿ ನಾದವೇ ಇರುವುದಿಲ್ಲ. ಯಾವ ಮನೆ ಒತ್ತಿದಿರಿ, ಎಷ್ಟು ಜೋರಾಗಿ ಒತ್ತಿದಿರಿ, ಯಾವಾಗ ಬಿಟ್ಟಿರಿ ಎಂಬ ಲೆಕ್ಕವಷ್ಟೇ ಇರುತ್ತದೆ, ಒಂಥರಾ ಸ್ವರಲಿಪಿ. ಹಾಗಾಗಿ ಇಡೀ ಹಾಡಿನ ಮಿಡಿ ಫೈಲ್ ಕೆಲವೇ ಕೆಬಿಯಲ್ಲಿ ಮುಗಿಯುತ್ತದೆ. ಅದೇ ಧ್ವನಿಯನ್ನೇ ಹಿಡಿಯುವ ಆಡಿಯೊ ರೆಕಾರ್ಡಿಂಗ್‌ಗೆ 24 ಬಿಟ್, 44,100 ಹರ್ಟ್ಸ್ ಸ್ಟಿರಿಯೊದಲ್ಲಿ ನಿಮಿಷಕ್ಕೆ ಸುಮಾರು 16 ಎಂಬಿ ಬೇಕು.

ಎರಡರಲ್ಲಿ ಯಾವುದು ಬೇಕೆಂಬುದು ತೀರ್ಮಾನವಾದರೆ ಸಾಫ್ಟ್‌ವೇರ್ ಆಯ್ಕೆ ಅರ್ಧ ಮುಗಿದಂತೆ.

ಕೀಬೋರ್ಡಿನದೇ ನಾದ ಬೇಕಿದ್ದರೆ

ಭಾರತಕ್ಕೆಂದೇ ಬರುವ ಮಾದರಿಗಳಲ್ಲಿ ತಬಲಾ, ಹಾರ್ಮೋನಿಯಂ, ತಂಬೂರಿಯ ನಾದಗಳಿರುತ್ತವೆ. ಅವೇ ಬೇಕೆನ್ನುವವರಿಗೆ ಆಡಿಯೊ ದಾರಿಯೇ ಸರಿ. ಮಿಡಿಯಲ್ಲಿ ಕಳಿಸಿದರೆ ತಬಲಾ ಆ ಕಡೆ ಪಿಯಾನೊ ಆಗಿ ಕೇಳಿಸೀತು. ಕೀಬೋರ್ಡಿನ ಹೆಡ್‌ಫೋನ್ ಅಥವಾ ಲೈನ್ ಔಟ್ ತೂತಿನಿಂದ ಎರಡು ಇನ್‌ಪುಟ್ ಇರುವ ಆಡಿಯೊ ಇಂಟರ್‌ಫೇಸ್‌ಗೆ ಕೇಬಲ್ ಎಳೆಯಿರಿ; ಹೊರಗಿನ ಧ್ವನಿಯನ್ನು ಕಂಪ್ಯೂಟರ್‌ಗೆ ತಲುಪಿಸುವ ಪೆಟ್ಟಿಗೆ ಅದು. ಲ್ಯಾಪ್‌ಟಾಪಿನ ಒಂಟಿ 3.5 ಮಿಮೀ ತೂತಿಗೆ ನೇರವಾಗಿ ಚುಚ್ಚಬೇಡಿ. ಅದು ಹೆಡ್‌ಫೋನು, ಮೊನೊ (ಒಂದೇ ಚಾನೆಲ್‌ನ) ಮೈಕು ಎರಡಕ್ಕೂ ಸೇರಿ ಮಾಡಿದ್ದು. ಮಾಮೂಲಿ ಸ್ಟಿರಿಯೊ ಕೇಬಲ್ ಅಲ್ಲಿ ಕೆಲಸ ಮಾಡುವುದಿಲ್ಲ.

ಕೀಬೋರ್ಡಿನ ವಾಲ್ಯೂಮ್ ಮುಕ್ಕಾಲು ಭಾಗಕ್ಕಿಟ್ಟು, ಅತಿ ಜೋರಿನ ಜಾಗವನ್ನೇ ಒಮ್ಮೆ ನುಡಿಸಿ ನೋಡಿ. ಸಾಫ್ಟ್‌ವೇರ್‌ನಲ್ಲಿ ಧ್ವನಿಮಟ್ಟ ತೋರಿಸುವ ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ನಿಲ್ಲಲಿ. ಸೊನ್ನೆ ಮುಟ್ಟಿ ಒಡೆದ ಧ್ವನಿಯನ್ನು ಆಮೇಲೆ ಪೂರ್ತಿ ಸರಿಮಾಡಲಾಗದು. ಈ ಕೆಲಸಕ್ಕೆ ಆಡಾಸಿಟಿ ಧಾರಾಳವಾಗಿ ಸಾಕು. ಕೆಲವು ಕೀಬೋರ್ಡ್‌ಗಳು ಯುಎಸ್‌ಬಿಯಲ್ಲೇ ಆಡಿಯೊ ಕಳಿಸುತ್ತವೆ. ಕೈಪಿಡಿಯಲ್ಲಿ ‘ಯುಎಸ್‌ಬಿ ಆಡಿಯೊ’ ಎಂದಿದ್ದರೆ ಇಂಟರ್‌ಫೇಸ್ ಖರ್ಚು ಉಳಿಯಿತು.

ಮಿಡಿಗೆ ಯಾವ ಸಾಫ್ಟ್‌ವೇರ್?

ತಪ್ಪು ಸ್ವರ ತಿದ್ದಬೇಕು, ವಾದ್ಯ ಬದಲಿಸಬೇಕು, ಶ್ರುತಿ ಏರಿಸಬೇಕು ಎನ್ನುವವರಿಗೆ ಮಿಡಿ.

ಮ್ಯಾಕ್ ಇದ್ದರೆ ಹುಡುಕಾಟವೇ ಬೇಡ: ಗರಾಜ್‌ಬ್ಯಾಂಡ್ ಉಚಿತ, ವಾದ್ಯಗಳು ಒಳಗೇ ಇವೆ. ಒಂದೇ ಕೊರತೆ, ಮ್ಯಾಕ್‌ನಲ್ಲಿ ಅದರಿಂದ ಮಿಡಿ ಫೈಲನ್ನು ನೇರವಾಗಿ ಹೊರತೆಗೆಯಲು ಬರುವುದಿಲ್ಲ.

ವಿಂಡೋಸ್‌ನವರಿಗೆ ಆಯ್ಕೆ ಹೆಚ್ಚು, ಗೊಂದಲವೂ ಹೆಚ್ಚು. ವೇವ್‌ಫಾರ್ಮ್ ಫ್ರೀ ಪೂರ್ತಿ ಉಚಿತ, ಟ್ರ್ಯಾಕ್‌ಗಳಿಗೆ ಮಿತಿಯಿಲ್ಲ. ರೀಪರ್ ಹಗುರ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ; 60 ದಿನ ಯಾವ ಕತ್ತರಿಯೂ ಇಲ್ಲದೆ ಬಳಸಿ ನೋಡಬಹುದು, ಆಮೇಲೆ ಲೈಸೆನ್ಸ್ ಕೊಳ್ಳಬೇಕು. ಏನನ್ನೂ ಇನ್‌ಸ್ಟಾಲ್ ಮಾಡದೆ ಕ್ರೋಮ್ ಬ್ರೌಸರ್‌ನಲ್ಲೇ ಕೆಲಸ ಆಗಬೇಕೆಂದರೆ ಬ್ಯಾಂಡ್‌ಲ್ಯಾಬ್. ಎಲ್‌ಎಂಎಂಎಸ್ ಕೂಡ ಉಚಿತವೇ. ಆದರೆ ಅದರ 1.2 ಆವೃತ್ತಿಯಲ್ಲಿ ಮೈಕ್‌ನಿಂದ ಹಾಡು ಹಿಡಿಯಲಾಗದು. ಎಫ್‌ಎಲ್ ಸ್ಟುಡಿಯೊದ ಟ್ರಯಲ್‌ನಲ್ಲಿ ಉಳಿಸಿದ ಪ್ರಾಜೆಕ್ಟನ್ನು ಮತ್ತೆ ತೆರೆಯಲು ಬಿಡುವುದಿಲ್ಲ. ವಾರವಿಡೀ ಕೂತು ಕೆಲಸ ಮಾಡಿದ ಮೇಲೆ ಗೊತ್ತಾಗಬೇಕಾದ ಸಂಗತಿಯಲ್ಲ ಇದು, ಮೊದಲೇ ತಿಳಿದಿರಲಿ.

ಕಲಿಯುವವರಿಗೆ ನಮ್ಮ ಸಲಹೆ ರೀಪರ್. ಬೇರೆಡೆ ಮುಚ್ಚಿಟ್ಟಿರುವ ಹಂತಗಳು ಇಲ್ಲಿ ಕಣ್ಣೆದುರಿಗೇ ಇರುತ್ತವೆ.

ಹೊಂದಿಸುವ ಕ್ರಮ

1. ಪ್ರಿಂಟರ್‌ಗೆ ಬಳಸುವಂಥ ಎ-ಬಿ ಯುಎಸ್‌ಬಿ ಕೇಬಲನ್ನು ಕೀಬೋರ್ಡಿನ ‘ಟು ಹೋಸ್ಟ್’ ತೂತಿಗೆ ಹಾಕಿ, ಕೀಬೋರ್ಡ್ ಆನ್ ಮಾಡಿ. ಆಮೇಲೆ ರೀಪರ್ ತೆರೆಯಿರಿ. ಮೊದಲೇ ತೆರೆದಿದ್ದರೆ ಕೀಬೋರ್ಡ್ ಕಾಣಿಸದೇ ಹೋಗಬಹುದು.

2. ಪ್ರಿಫರೆನ್ಸಸ್‌ನ ಮಿಡಿ ಪಟ್ಟಿಯಲ್ಲಿ ಕೀಬೋರ್ಡಿನ ಹೆಸರು ಹುಡುಕಿ ಇನ್‌ಪುಟ್ ಎನೇಬಲ್ ಮಾಡಿ.

3. ಆಡಿಯೊ ಡಿವೈಸ್‌ನಲ್ಲಿ ಆಸಿಯೊ (ವಿಂಡೋಸ್‌ನಲ್ಲಿ ಧ್ವನಿಯ ವಿಳಂಬ ತಗ್ಗಿಸುವ ಡ್ರೈವರ್) ಆರಿಸಿ. ಇಂಟರ್‌ಫೇಸ್ ಇಲ್ಲದವರು ಆಸಿಯೊ4ಆಲ್ ಎಂಬ ಉಚಿತ ಡ್ರೈವರ್ ಹಾಕಿಕೊಳ್ಳಬೇಕು. ಅದು ಸೌಂಡ್ ಕಾರ್ಡನ್ನು ತಾನೊಬ್ಬನೇ ಹಿಡಿದುಕೊಳ್ಳುವುದರಿಂದ ಆ ಹೊತ್ತಿಗೆ ಯೂಟ್ಯೂಬ್ ಮೂಕವಾದರೆ ಗಾಬರಿಯಾಗಬೇಡಿ.

4. ರೀಪರ್ ಜೊತೆ ಬರುವ ವಾದ್ಯಗಳು ತೀರಾ ಬಡಕಲು. ಸ್ಫೋರ್ಜಾಂಡೊ ಎಂಬ ಉಚಿತ ಪ್ಲಗಿನ್ (ರೀಪರ್ ಒಳಗೆ ಸೇರಿಕೊಳ್ಳುವ ವಾದ್ಯ) ಹಾಕಿ, ಅದರಲ್ಲಿ ಯಮಾಹಾ ಸಿ5 ಗ್ರ್ಯಾಂಡ್ ಪಿಯಾನೊದಿಂದ ಧ್ವನಿಮುದ್ರಿಸಿದ ಸಾಲಮಾಂಡರ್ ನಾದಸಂಗ್ರಹವನ್ನು ತೆರೆಯಿರಿ. ಸಿಂಥಸೈಜರ್ ನಾದಕ್ಕೆ ಸರ್ಜ್ ಎಕ್ಸ್‌ಟಿ ಅಥವಾ ವೈಟಲ್.

5. ‘ವರ್ಚುವಲ್ ಇನ್‌ಸ್ಟ್ರುಮೆಂಟ್ ಆನ್ ನ್ಯೂ ಟ್ರ್ಯಾಕ್’ ಕೊಟ್ಟರೆ ಟ್ರ್ಯಾಕ್ ರೆಕಾರ್ಡಿಂಗ್‌ಗೆ ಸಿದ್ಧವಾಗುತ್ತದೆ. ಕಂಟ್ರೋಲ್-ಆರ್ ಒತ್ತಿದರೆ ಶುರು.

ಮೆಟ್ರೊನೋಮ್ ಸಾಮಾನ್ಯವಾಗಿ 120ರ ವೇಗ, 4/4ರಲ್ಲಿ ತೆರೆದುಕೊಳ್ಳುತ್ತದೆ. ಆದಿತಾಳಕ್ಕೆ ಅದು ನಡೆದೀತು. ಮಿಶ್ರಛಾಪುವಿಗೆ 7/8, ಖಂಡಛಾಪುವಿಗೆ 5/8 ಮಾಡಿಕೊಳ್ಳಿ. ಲಯ ತಪ್ಪಿದೆ ಎಂದು ಕ್ವಾಂಟೈಸ್ ಒತ್ತುವ ಮುನ್ನ ಯೋಚಿಸಿ. ಅದು ಪ್ರತಿ ಸ್ವರವನ್ನೂ ಗೆರೆಗೆ ಎಳೆದು ನಿಲ್ಲಿಸುತ್ತದೆ, ಭಾವಗೀತೆಯ ಓಲಾಟ ಅಲ್ಲಿಗೆ ಸತ್ತಿತು. ಇದ್ದರೆ ಶೇ 50ರಷ್ಟು ಮಾತ್ರ ಎಳೆಯುವ ಆಯ್ಕೆ ಬಳಸಿ.

ಎಲ್ಲಿ ಎಡವುತ್ತಾರೆ

ಒತ್ತಿದ ಮೇಲೆ ತಡವಾಗಿ ಕೇಳಿಸುವುದು ಅತಿ ಸಾಮಾನ್ಯ ದೂರು. ಕಾರಣ ಬಫರ್, ಅಂದರೆ ಕಂಪ್ಯೂಟರ್ ಧ್ವನಿಯನ್ನು ಹೊರಬಿಡುವ ಮುನ್ನ ಕೂಡಿಟ್ಟುಕೊಳ್ಳುವ ತುಣುಕು. 1024 ಸ್ಯಾಂಪಲ್ ಇಟ್ಟರೆ 23 ಮಿಲಿಸೆಕೆಂಡ್ ವಿಳಂಬ, ಬೆರಳಿಗೆ ತಿಳಿಯುತ್ತದೆ. 256ಕ್ಕೆ ಇಳಿಸಿದರೆ 6ಕ್ಕಿಂತ ಕಡಿಮೆ. ಇನ್ನೂ ಇಳಿಸಿದಾಗ ಪಟಪಟ ಸದ್ದು ಬಂದರೆ ಪ್ರೊಸೆಸರ್‌ಗೆ ಪುರಸೊತ್ತು ಸಾಲುತ್ತಿಲ್ಲ, ಒಂದು ಮೆಟ್ಟಿಲು ಮೇಲೇರಿ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡಿದ್ದರೆ ಈ ಯಾವ ಸರ್ಕಸ್ಸೂ ಪ್ರಯೋಜನಕ್ಕೆ ಬಾರದು. ವೈರ್ ಇರುವುದನ್ನೇ ಬಳಸಿ.

ಪ್ರತಿ ಸ್ವರ ಎರಡೆರಡು ಸಲ ಕೇಳಿಸಿದರೆ ಕೀಬೋರ್ಡೂ ಕಂಪ್ಯೂಟರೂ ಒಟ್ಟಿಗೆ ನುಡಿಯುತ್ತಿವೆ ಎಂದರ್ಥ. ಕೀಬೋರ್ಡಿನ ‘ಲೋಕಲ್ ಕಂಟ್ರೋಲ್’ ಆಫ್ ಮಾಡಿ, ಅದಿಲ್ಲದಿದ್ದರೆ ವಾಲ್ಯೂಮ್ ಸೊನ್ನೆಗಿಳಿಸಿ. ಕೈಯಿಂದ ನುಡಿಸಿದ್ದು ಬಂತು, ರಿದಮ್ ಬರಲಿಲ್ಲವೇ? ಸೆಟ್ಟಿಂಗ್ಸ್‌ನಲ್ಲಿ ಪಕ್ಕವಾದ್ಯವನ್ನೂ ಮಿಡಿಯಲ್ಲಿ ಕಳಿಸುವ ಆಯ್ಕೆ ಇದೆಯೇ ನೋಡಿ.

ಇನ್ನು ಶ್ರುತಿ. ಬಿಳಿ ಒಂದರಲ್ಲಿ ನುಡಿಸಿಟ್ಟದ್ದನ್ನು ಹಾಡುವವರು ಕಪ್ಪು ಎರಡಕ್ಕೆ ಕೇಳಿದರೆ ಮಿಡಿಯಲ್ಲಿ ಎಲ್ಲ ಸ್ವರ ಆಯ್ದು 3 ಸೆಮಿಟೋನ್ (ಕಪ್ಪು-ಬಿಳಿ ಸೇರಿ 3 ಮನೆ) ಏರಿಸಿದರೆ ಆಯಿತು. ಬಿಳಿ ನಾಲ್ಕಕ್ಕೆ 5. ತಾಳವಾದ್ಯ ಇರುವ 10ನೇ ಚಾನೆಲನ್ನು ಮಾತ್ರ ಮುಟ್ಟಬೇಡಿ. ಅಲ್ಲಿ ಒಂದೊಂದು ಮನೆಗೂ ಒಂದೊಂದು ವಾದ್ಯ, ಏರಿಸಿದರೆ ಡ್ರಮ್ ಇದ್ದಲ್ಲಿ ಜಾಗಟೆ ಬಡಿದಂತಾಗುತ್ತದೆ.