ಹೆಲಿಕಾಪ್ಟರ್ ಟೆಸ್ಟ್ ಪೈಲಟ್ ಕೆಲಸ: ನನ್ನ ಅನುಭವ

ಬೆಂಗಳೂರಿನ ಎಚ್‌ಎಎಲ್ ರನ್‌ವೇ ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಬಿಸಿಲಿದ್ದರೆ ರೋಟರ್‌ಗೆ (ತಲೆಯ ಮೇಲೆ ಸುತ್ತುವ ಬ್ಲೇಡ್‌ಗಳಿಗೆ) ಸಿಗುವ ಗಾಳಿ ಸುಮಾರು 5,800 ಅಡಿಯ ಗಾಳಿಯಷ್ಟು ತೆಳು. ಲೆಕ್ಕ ಸುಲಭ: 2,900 ಅಡಿಗೆ ಪ್ರಮಾಣಿತ ಉಷ್ಣತೆ ಸುಮಾರು 9 ಡಿಗ್ರಿ, ಅದಕ್ಕಿಂತ ಹೆಚ್ಚಿರುವ ಪ್ರತಿ ಡಿಗ್ರಿಗೆ 120 ಅಡಿ ಸೇರಿಸಬೇಕು. ಇದೇ ರೀತಿ 10,680 ಅಡಿಯ ಲೇಹ್‌ನಲ್ಲಿ 25 ಡಿಗ್ರಿ ಇದ್ದ ದಿನ 14,400 ಅಡಿ ಬರುತ್ತದೆ. ಯಾವ ಟೆಸ್ಟ್ ಕಾರ್ಡ್ (ಪರೀಕ್ಷಾ ಹಾರಾಟದ ಪಟ್ಟಿ) ಕೈಗೆ ಬಂದರೂ ನಾನು ಮೊದಲು ಬರೆದುಕೊಳ್ಳುವುದು ಈ ಸಂಖ್ಯೆಯನ್ನು. ಆಮೇಲೆ ತೂಕ, ಅದಾದ ಮೇಲೆ ಗಾಳಿ.

ಹೋವರ್ (ಗಾಳಿಯಲ್ಲಿ ಒಂದೇ ಕಡೆ ನಿಲ್ಲುವ) ಪರೀಕ್ಷೆಯನ್ನು ಸೂರ್ಯೋದಯದ ಹೊತ್ತಿಗೇ ಇಟ್ಟುಕೊಳ್ಳುತ್ತೇನೆ. ಗಾಳಿ 3 ನಾಟ್ (ಗಂಟೆಗೆ ಸುಮಾರು 5.5 ಕಿ.ಮೀ.) ದಾಟಿದರೆ ಅಂದಿನ ಅಂಕಿಗಳನ್ನು ನಂಬುವಂತಿಲ್ಲ. ರೋಟರ್ ಮೇಲೆ ಬೀಸುವ ಗಾಳಿ ಶಕ್ತಿಯ ಅಗತ್ಯವನ್ನು ಇಳಿಸುತ್ತದೆ, ಯಂತ್ರ ಇರುವುದಕ್ಕಿಂತ ಬಲಶಾಲಿಯಾಗಿ ಕಾಣುತ್ತದೆ, ಅದೇ ಅಂಕಿ ನಂಬಿ ಇನ್ಯಾರೋ ಬೆಟ್ಟದ ಹೆಲಿಪ್ಯಾಡ್‌ಗೆ ಹೊರಡುತ್ತಾರೆ. ನೆಲದಿಂದ ಎತ್ತರ ಅಳೆಯಲು ತುದಿಗೆ ತೂಕ ಕಟ್ಟಿದ ಹಗ್ಗವನ್ನು ಇಳಿಬಿಡುತ್ತೇವೆ. ತೂಕ ನೆಲಕ್ಕೆ ತಾಗುವಂತೆ ಕೆಳಗಿರುವವರು ಕೈಸನ್ನೆ ಮಾಡುತ್ತಾರೆ. ರೋಟರ್ ವ್ಯಾಸದಷ್ಟು ಎತ್ತರದವರೆಗೆ ನೆಲದ ಆಸರೆ ಇರುತ್ತದೆ, ಅಂದರೆ ರೋಟರ್ ತಳ್ಳಿದ ಗಾಳಿಗೆ ನೆಲ ಅಡ್ಡವಾಗಿ ಕಡಿಮೆ ಶಕ್ತಿ ಸಾಕಾಗುತ್ತದೆ. ಎಚ್‌ಎಎಲ್‌ನ ಧ್ರುವ್ ಹೆಲಿಕಾಪ್ಟರ್‌ಗೆ ಅದು 13.2 ಮೀಟರ್. ಹಾಗಾಗಿ ಅದರೊಳಗೆ ಕೆಲವು ಪರೀಕ್ಷಾ ಬಿಂದು, ಅದಕ್ಕಿಂತ ಸಾಕಷ್ಟು ಮೇಲೆ ಕೆಲವು ಬಿಂದು. ಪ್ರತಿ ಬಿಂದುವಿನಲ್ಲೂ ಕಲೆಕ್ಟಿವ್ (ಎಲ್ಲ ಬ್ಲೇಡ್‌ಗಳ ಕೋನವನ್ನು ಒಟ್ಟಿಗೆ ಬದಲಿಸುವ ಹಿಡಿಕೆ) ಅಲುಗಾಡಿಸದೆ ನಿಂತು ಟಾರ್ಕ್ (ರೋಟರ್ ತಿರುಗಿಸುವ ಬಲ), ರೋಟರ್ ವೇಗ, ಉಳಿದ ಇಂಧನ, ಹೊರಗಿನ ಉಷ್ಣತೆ ದಾಖಲಿಸಬೇಕು. ಇಂಧನ ಬರೆಯಲು ಮರೆತರೆ ತೂಕ ಗೊತ್ತಾಗುವುದಿಲ್ಲ, ಬಿಂದು ವ್ಯರ್ಥ.

ಈ ಅಂಕಿಗಳನ್ನು ಗಾಳಿಯ ಸಾಂದ್ರತೆ, ರೋಟರ್ ವಿಸ್ತೀರ್ಣ, ಬ್ಲೇಡ್ ತುದಿಯ ವೇಗಗಳಿಂದ ಭಾಗಿಸಿ ಅಳತೆಮಾನವಿಲ್ಲದ ಗುಣಾಂಕ ಮಾಡಿದರೆ, ಬೆಂಗಳೂರಿನಲ್ಲಿ ಹಾರಿದ್ದನ್ನು ಬೇರೆ ಎತ್ತರಗಳಿಗೂ ಅನ್ವಯಿಸಬಹುದು. ಆದರೆ ಇದು ರೋಟರ್‌ಗೆ ಎಷ್ಟು ಶಕ್ತಿ ಬೇಕು ಎಂಬುದನ್ನಷ್ಟೇ ಹೇಳುತ್ತದೆ, ಎಂಜಿನ್ ಎಷ್ಟು ಕೊಡುತ್ತದೆ ಎಂಬುದನ್ನಲ್ಲ. ಕಡಿಮೆ ಎತ್ತರದಲ್ಲಿ ಗೇರ್‌ಬಾಕ್ಸ್‌ನ ಟಾರ್ಕ್ ಮಿತಿ ಮೊದಲು ಬರುತ್ತದೆ, ಹೆಚ್ಚು ಎತ್ತರದಲ್ಲಿ ಎಂಜಿನ್ನಿನ ಟರ್ಬೈನ್ ಉಷ್ಣತೆಯ ಮಿತಿ. ಅದಕ್ಕೇ ಬೆಟ್ಟದ ಮೇಲೆ ಕೆಲಸ ಮಾಡಬೇಕಾದ ಹೆಲಿಕಾಪ್ಟರನ್ನು ಲೇಹ್‌ನಂಥ ಎತ್ತರದ ಜಾಗದಲ್ಲೂ ಹಾರಿಸಿ ನೋಡಬೇಕು.

ಕಡಿಮೆ ವೇಗದ ಪರೀಕ್ಷೆಗೆ ರನ್‌ವೇ ಮೇಲೆ ಒಂದು ಕಾರು ಬೇಕು. ಹೋವರ್‌ಗೆ ಹತ್ತಿರದ ವೇಗದಲ್ಲಿ ವಿಮಾನದ ಏರ್‌ಸ್ಪೀಡ್ ಮೀಟರ್ ಏನನ್ನೂ ಸರಿಯಾಗಿ ತೋರಿಸದು. ಸ್ಪೀಡೋಮೀಟರ್ ತಾಳೆ ನೋಡಿದ ಕಾರು 5, 10, 15 ನಾಟ್ ಎಂದು ಹೋಗುತ್ತದೆ. ಅದರ ಪಕ್ಕದಲ್ಲಿ ಮುಂದಕ್ಕೆ, ಅಡ್ಡಕ್ಕೆ, ಹಿಂದಕ್ಕೆ ಹಾರಬೇಕು. ಪ್ರತಿ ದಿಕ್ಕಿನಲ್ಲೂ ಪೆಡಲ್ (ಬಾಲದ ರೋಟರ್ ಮೂಲಕ ಮೂಗಿನ ದಿಕ್ಕು ತಿರುಗಿಸುವುದು) ಇನ್ನೂ ಎಷ್ಟು ಒತ್ತಲು ಉಳಿದಿದೆ ನೋಡುತ್ತೇನೆ. 10 ಶೇಕಡಾಕ್ಕೆ ಬಂದರೆ ಆ ದಿಕ್ಕಿನ ಪರೀಕ್ಷೆ ಅಲ್ಲಿಗೇ ನಿಲ್ಲಬೇಕು. ಚೀತಾ, ಎಂಐ-17 ಹೆಲಿಕಾಪ್ಟರ್‌ಗಳ ರೋಟರ್‌ಗಳು ಮೇಲಿನಿಂದ ನೋಡಿದರೆ ಗಡಿಯಾರದ ದಿಕ್ಕಿನಲ್ಲಿ ಸುತ್ತುತ್ತವೆ. ಅವುಗಳಲ್ಲಿ ಶಕ್ತಿ ಏರಿಸಿದಾಗ ಬಲ ಪೆಡಲ್ ಬೇಕು, ಕಾಡುವ ಗಾಳಿಯೂ ಬಲ ಮುಂಭಾಗದಿಂದ ಬರುತ್ತದೆ. ಅಪಾಚೆಯಲ್ಲಿ ಎಲ್ಲವೂ ತಿರುವುಮುರುವು. ಒಂದರಿಂದ ಇನ್ನೊಂದಕ್ಕೆ ಹೋಗುವ ದಿನ ಕಾಲಿಗೆ ಇದನ್ನು ಮತ್ತೆ ಹೇಳಿಕೊಡಬೇಕು.

ಅತ್ಯಂತ ಎಚ್ಚರ ಬೇಡುವುದು ಆಟೊರೊಟೇಷನ್, ಅಂದರೆ ಎಂಜಿನ್ ನಿಂತಾಗ ಕೆಳಗಿನಿಂದ ಬರುವ ಗಾಳಿಯಿಂದಲೇ ರೋಟರ್ ಸುತ್ತುವಂತೆ ಇಳಿಯುವುದು. ಚೀತಾ, ಚೇತಕ್‌ಗಳ ಜಾಗಕ್ಕೆ ಬರುತ್ತಿರುವ ಎಲ್‌ಯುಎಚ್ (ಎಚ್‌ಎಎಲ್‌ನ ಹಗುರ ಹೆಲಿಕಾಪ್ಟರ್, ಮೊದಲ ಹಾರಾಟ 2016ರ ಸೆಪ್ಟೆಂಬರ್ 6, ಬೆಂಗಳೂರು) ಕೂಡ ಒಂದೇ ಎಂಜಿನ್ನಿನದು, ಆದ್ದರಿಂದ ಇಲ್ಲಿ ಯಾವುದನ್ನೂ ಊಹೆಗೆ ಬಿಡುವಂತಿಲ್ಲ. ಮೊದಲ ಹೆಜ್ಜೆ ನೆಲದಿಂದ ಸಾವಿರಾರು ಅಡಿ ಮೇಲೆ, ಹಗುರ ತೂಕದಲ್ಲಿ. ಕಲೆಕ್ಟಿವ್ ಪೂರ್ತಿ ಕೆಳಗಿಟ್ಟಾಗ ರೋಟರ್ ವೇಗ ಕನಿಷ್ಠ ಮಿತಿಗಿಂತ ಮೇಲಿರುತ್ತದೆಯೇ ಎಂಬುದು ಪ್ರಶ್ನೆ. ತೂಕ ಕಡಿಮೆ, ಗಾಳಿ ದಟ್ಟ ಇದ್ದಾಗ ರೋಟರ್ ನಿಧಾನವಾಗುತ್ತದೆ. ತೂಕ ಹೆಚ್ಚು, ಗಾಳಿ ತೆಳು ಇದ್ದಾಗ ಮಿತಿ ಮೀರಿ ಓಡುತ್ತದೆ. ಕಲೆಕ್ಟಿವ್‌ನ ಕೆಳಗಿನ ಸ್ಟಾಪ್ ಎರಡಕ್ಕೂ ಹೊಂದುವಂತೆ ಕೂಡಿಸಿರಬೇಕು. ಇದು ತೃಪ್ತಿಯಾಗುವವರೆಗೆ ಮುಂದಿನ ಕಾರ್ಡ್ ತೆಗೆಯುವುದಿಲ್ಲ.

ಆಮೇಲೆ ಥ್ರಾಟಲ್ ಇಳಿಸಿ, ಕಲೆಕ್ಟಿವ್ ಇಳಿಸಲು ಬೇಕೆಂದೇ ತಡಮಾಡುವುದು. ಮೊದಲು ತಡವಿಲ್ಲದೆ, ನಂತರ ಅರ್ಧ ಸೆಕೆಂಡ್, ನಂತರ ಒಂದು. ಸಾಮಾನ್ಯ ಪೈಲಟ್‌ಗೆ ಎಂಜಿನ್ ನಿಂತದ್ದು ಅರಿವಾಗಲು ಸಮಯ ಬೇಕು. ಆ ಸಮಯವನ್ನು ಯಂತ್ರ ಕೊಡುತ್ತದೆಯೇ ಎಂದು ನಾವು ನೋಡುತ್ತಿದ್ದೇವೆ. ಪ್ರತಿ ಸಲ ರೋಟರ್ ವೇಗ ಎಷ್ಟಕ್ಕೆ ಕುಸಿಯಬಹುದೆಂದು ಫ್ಲೈಟ್ ಟೆಸ್ಟ್ ಎಂಜಿನಿಯರ್ ಮೊದಲೇ ಬರೆದಿಟ್ಟಿರುತ್ತಾರೆ. ನಿಜವಾದ ಕುಸಿತ ಅದಕ್ಕಿಂತ ಹೆಚ್ಚಾಗಿದ್ದರೆ, ಸುರಕ್ಷಿತ ಮಿತಿಯೊಳಗೇ ಇದ್ದರೂ, ಆ ದಿನದ ಸರಣಿ ಮುಗಿಯಿತು. ಲೆಕ್ಕ ಎಲ್ಲಿ ತಪ್ಪಿತೆಂದು ತಿಳಿಯದೆ ಮುಂದಿನ ಅರ್ಧ ಸೆಕೆಂಡ್‌ಗೆ ಹೋಗಬಾರದು. ಒಂದು ಹಾರಾಟದಲ್ಲಿ ಒಂದೇ ಅಂಶ ಬದಲಿಸುವುದು ಕೂಡ ಇದೇ ಕಾರಣಕ್ಕೆ: ತೂಕ, ವೇಗ ಎರಡನ್ನೂ ಒಟ್ಟಿಗೆ ಬದಲಿಸಿದರೆ ದೋಷ ಯಾವುದರದೆಂದು ಗೊತ್ತಾಗದು.

ಹಿಡಿತದ ಗುಣ, ಅಂದರೆ ಯಂತ್ರ ಪೈಲಟ್‌ನ ಕೈಗೆ ಎಷ್ಟು ಸುಲಭವಾಗಿ ಬಗ್ಗುತ್ತದೆ ಎಂಬುದನ್ನು ಅಳೆಯಲು 1969ರ ಕೂಪರ್-ಹಾರ್ಪರ್ ಮಾಪಕ ಇಂದಿಗೂ ಬಳಕೆಯಲ್ಲಿದೆ. 1ರಿಂದ 3 ತೃಪ್ತಿಕರ, 4ರಿಂದ 6 ಸುಧಾರಿಸಿದರೆ ಒಳ್ಳೆಯದು, 7ರಿಂದ 9 ಸುಧಾರಿಸಲೇಬೇಕು, 10 ಎಂದರೆ ಹಿಡಿತ ತಪ್ಪಿತು. ಕೆಲಸ ಯಾವುದು, ಅದಕ್ಕೆ ಎಷ್ಟು ಅಂತರದ ವಿನಾಯಿತಿ ಎಂದು ಮೊದಲೇ ಗೊತ್ತುಮಾಡದಿದ್ದರೆ ಈ ಅಂಕಕ್ಕೆ ಅರ್ಥವಿಲ್ಲ. ಹೋವರ್‌ಗೆ ಎಡಬಲ, ಹಿಂದುಮುಂದು 3 ಅಡಿ, ಎತ್ತರ 2 ಅಡಿ, ದಿಕ್ಕು 5 ಡಿಗ್ರಿಯೊಳಗೆ 30 ಸೆಕೆಂಡ್ ನಿಂತರೆ ಉತ್ತಮ. ಅದರ ಎರಡರಷ್ಟರೊಳಗೆ ಇದ್ದರೆ ಸಾಕು. ಇಲ್ಲಿ ಕಾಡುವ ಸಮಸ್ಯೆ ಪೈಲಟ್‌ನ ನೈಪುಣ್ಯವೇ. ಮೂರನೇ ಸಲಕ್ಕೆ ಕೈ ಯಂತ್ರದ ದೋಷಕ್ಕೆ ಹೊಂದಿಕೊಂಡುಬಿಡುತ್ತದೆ, ಹೋವರ್ ನಯವಾಗುತ್ತದೆ, ದೋಷ ಅಡಗುತ್ತದೆ. ಅದಕ್ಕೇ ಅಂಕವನ್ನು ಆ ಕ್ಷಣವೇ, ಜೊತೆಯ ಪೈಲಟ್ ಬಾಯಿ ತೆರೆಯುವ ಮೊದಲೇ ರೆಕಾರ್ಡರ್‌ಗೆ ಹೇಳುತ್ತೇನೆ. ಜೊತೆಗೆ ಸೈಕ್ಲಿಕ್ (ಹೆಲಿಕಾಪ್ಟರನ್ನು ಹಿಂದುಮುಂದು, ಎಡಬಲಕ್ಕೆ ವಾಲಿಸುವ ಕೋಲು) ಎಷ್ಟು ಬಾರಿ, ಎಷ್ಟು ದೂರ ಅಲುಗಾಡಿಸಬೇಕಾಯಿತು ಎಂಬುದನ್ನೂ.

ಕಂಪನದ ವಿಷಯದಲ್ಲೂ ಮಾತು ನಿಖರವಾಗಿರಬೇಕು. ರೋಟರ್ ಸುತ್ತಿಗೊಮ್ಮೆ ಮೇಲೆ-ಕೆಳಗೆ ಕುಲುಕಿದರೆ ಬ್ಲೇಡ್‌ಗಳು ಒಂದೇ ಮಟ್ಟದಲ್ಲಿ ಓಡುತ್ತಿಲ್ಲ, ಪಿಚ್ ಲಿಂಕ್ (ಬ್ಲೇಡ್‌ನ ಕೋನ ಹಿಡಿದಿಡುವ ಸರಳು) ಅಥವಾ ಟ್ಯಾಬ್ (ಬ್ಲೇಡ್ ಅಂಚಿನ ಚಿಕ್ಕ ಪಟ್ಟಿ) ನೋಡಬೇಕು. ಸುತ್ತಿಗೊಮ್ಮೆ ಅಡ್ಡ ಕುಲುಕಿದರೆ ತೂಕದ ಸಮತೋಲನ ತಪ್ಪಿದೆ. ಸುತ್ತಿಗೆ ನಾಲ್ಕು ಬಾರಿಯದು ನಾಲ್ಕು ಬ್ಲೇಡ್ ರೋಟರ್‌ನ ಸ್ವಭಾವ. ಪೆಡಲ್‌ನಲ್ಲಿ ಜುಮ್ಮೆನ್ನುವ ಸಣ್ಣ ಕಂಪನ ಬಾಲದ ರೋಟರ್‌ನದು. "ತುಂಬಾ ಅದುರುತ್ತದೆ" ಎಂದು ಬರೆದ ವರದಿಯಿಂದ ವಿನ್ಯಾಸಕಾರರಿಗೆ ಪ್ರಯೋಜನವಿಲ್ಲ.

ಈ ಕೆಲಸಕ್ಕೆ ಬರಬೇಕೆನ್ನುವವರಿಗೆ ವಾಯುಪಡೆಯ ದಾರಿ ಚಿಕ್ಕದಾಗಿ ಹೀಗಿದೆ: ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ, ಆಮೇಲೆ ಎನ್‌ಡಿಎ, ಸಿಡಿಎಸ್ ಅಥವಾ ಆಫ್‌ಕ್ಯಾಟ್ ಪ್ರವೇಶ ಪರೀಕ್ಷೆ, ಹೈದರಾಬಾದ್ ಬಳಿಯ ದುಂಡಿಗಲ್ ವಾಯುಪಡೆ ಅಕಾಡೆಮಿ, ಹೆಲಿಕಾಪ್ಟರ್ ವಿಭಾಗದ ತರಬೇತಿಗೆ ಹಕೀಂಪೇಟೆ. ಕಾಲಿನ ಉದ್ದ 99ರಿಂದ 120 ಸೆಂ.ಮೀ. ಒಳಗಿರಬೇಕು, ತೊಡೆ 64 ಸೆಂ.ಮೀ. ಮೀರಬಾರದು, ಮೊದಲೇ ಅಳೆದುಕೊಳ್ಳಿ. ನಂತರ ಯೂನಿಟ್‌ಗಳಲ್ಲಿ ವರ್ಷಗಟ್ಟಲೆ ಹಾರಾಟ, ಆಮೇಲೆ ಆಯ್ಕೆಯಾದರೆ ಬೆಂಗಳೂರಿನ ವಾಯುಪಡೆ ಟೆಸ್ಟ್ ಪೈಲಟ್ ಶಾಲೆಯ ಸುಮಾರು ಒಂದು ವರ್ಷದ ಕೋರ್ಸ್. ಅಲ್ಲಿ ಬೆಳಿಗ್ಗೆ ಹಾರಿದ್ದನ್ನು ರಾತ್ರಿ ಕೂತು ಬರೆಯಬೇಕು. ಕ್ಯಾಲ್ಕುಲಸ್, ಏರೋಡೈನಮಿಕ್ಸ್ ಮರೆತಿದ್ದರೆ ಅರ್ಜಿ ಹಾಕುವ ಆರು ತಿಂಗಳ ಮೊದಲೇ ಪುಸ್ತಕ ಹಿಡಿಯಿರಿ. ಕೋರ್ಸ್ ಶುರುವಾದ ಮೇಲೆ ಅದಕ್ಕೆ ಪುರುಸೊತ್ತು ಸಿಗದು.