ನಡಿಗೆ ಸ್ಪೀಡಲ್ಲಿ ಬೆಟ್ಟ ಹತ್ತಿ ಒಂದೇ ದಿನಕ್ಕೆ 160 ಕಿ.ಮೀ. – ನನ್ನ ಅನುಭವ

ಕೊನೆಗೂ ಆಯ್ತು. ಲಗೇಜ್ ಸಮೇತ ಸೈಕಲ್ಲಲ್ಲಿ ಒಂದೇ ದಿನಕ್ಕೆ 160 ಕಿ.ಮೀ., ಎಲ್ಲಾ ಏರು ಸೇರಿದ್ರೆ ಹತ್ತತ್ರ 2600 ಮೀಟರ್. ಬೆಳಗಿನ ಜಾವ ನಾಲ್ಕೂವರೆಗೆ ಬಿಟ್ಟು ಸಂಜೆ ಆರಕ್ಕೆ ಮುಟ್ಟಿದೆ, ಮಂಡಿ ನೋವಿಲ್ಲ, ಮಾರನೇ ದಿನ ಎದ್ದು ಮತ್ತೆ 70 ಕಿ.ಮೀ. ತುಳಿದೆ. ಇದೇ ದಾರೀಲಿ ಮುಂಚೆ ಎರಡು ಸಲ ಸೋತಿದ್ದೆ, ಒಂದ್ಸಲ 95ಕ್ಕೆ, ಇನ್ನೊಂದ್ಸಲ 120ರ ಹತ್ರ. ಈ ಸಲ ಬದಲಾಯಿಸಿದ್ದು ಮುಖ್ಯವಾಗಿ ಒಂದೇ, ಕಡಿದಾದ ಏರು ಬಂದ್ರೆ ಗಂಟೆಗೆ ಐದಾರು ಕಿ.ಮೀ. ದಾಟಲೇ ಇಲ್ಲ.

ಪ್ಲಾನ್ ಹೇಳಿದಾಗ ಜೊತೇಲಿ ತುಳಿಯೋರು ಒಬ್ರೂ ಒಪ್ಪಲಿಲ್ಲ. ನಮ್ಮಲ್ಲಿ ಹಿರಿಯರೊಬ್ಬರು "ಆ ಸ್ಪೀಡಲ್ಲಿ ಬ್ಯಾಲೆನ್ಸೇ ನಿಲ್ಲಲ್ಲ ಕಣೋ, ಅದಕ್ಕಿಂತ ಇಳಿದು ತಳ್ಕೊಂಡು ಹೋಗು" ಅಂದ್ರು. ನಿಧಾನಕ್ಕೆ ಹೋದ್ರೂ ಹಗುರವಾಗಿ ತುಳಿಯೋಕಾಗೋ ಸಣ್ಣ ಗೇರ್ ಹಾಕೋದು ಅಂದ್ರೆ ಕಾಲಲ್ಲಿ ಶಕ್ತಿ ಇಲ್ಲ ಅಂತ ಒಪ್ಕೊಂಡ ಹಾಗೆ ಅನ್ನೋ ಭಾವನೆ ಇನ್ನೂ ಹೋಗಿಲ್ಲ. ಇದು ಹೊಸದೇನಲ್ಲ ಬಿಡಿ, ಫ್ರಾನ್ಸಲ್ಲಿ ವೆಲೋಸಿಯೊ ಅಂತ ಕರೆಸ್ಕೊಳ್ತಿದ್ದ ಪಾಲ್ ದ ವಿವಿ ನೂರು ವರ್ಷಕ್ಕೂ ಹಿಂದೆಯೇ ಬೆಟ್ಟಕ್ಕೆ ಬೇರೆ ಬೇರೆ ಗೇರ್ ಬೇಕು ಅಂತ ವಾದ ಮಾಡಿದ್ರು, ಆದ್ರೂ ಟೂರ್ ಡಿ ಫ್ರಾನ್ಸ್ ರೇಸಲ್ಲಿ ಚೈನನ್ನ ಒಂದು ಹಲ್ಲು ಚಕ್ರದಿಂದ ಇನ್ನೊಂದಕ್ಕೆ ದಾಟಿಸಿ ಗೇರ್ ಬದಲಾಯಿಸೋ ಸಾಧನ, ಅಂದ್ರೆ ಡಿರೇಲರ್‌ಗೆ ಅನುಮತಿ ಸಿಕ್ಕಿದ್ದು 1937ರಲ್ಲಿ.

ಲೆಕ್ಕ ನೋಡಿ. ನಾನು 68 ಕೆ.ಜಿ., ಸೈಕಲ್ 15, ಬ್ಯಾಗು ನೀರು ಎಲ್ಲಾ ಸೇರಿ 17, ಒಟ್ಟು ನೂರು. ನೂರು ಮೀಟರ್‌ಗೆ ಹತ್ತು ಮೀಟರ್ ಏರೋ ರಸ್ತೇಲಿ ಗಂಟೆಗೆ ಎಂಟು ಕಿ.ಮೀ. ಹೋಗೋಕೆ ಸುಮಾರು 225 ವ್ಯಾಟ್ ಬೇಕು, ಐದು ಕಿ.ಮೀ.ಗೆ ಇಳಿಸಿದ್ರೆ 140-145 ಸಾಕು. 140 ವ್ಯಾಟ್ ನಾನು ದಿನವಿಡೀ ಕೊಡಬಲ್ಲೆ, 225 ಆದ್ರೆ ಗಂಟೆಯೊಳಗೆ ಕಾಲು ಕಲ್ಲಾಗುತ್ತೆ. ಹಳೇ ಗೇರ್ ಅಂದ್ರೆ ಪೆಡಲ್ ಹತ್ರದ ಚಕ್ರಕ್ಕೆ 34, ಹಿಂದಿನ ಚಕ್ರಕ್ಕೆ 28 ಹಲ್ಲು, ಪೆಡಲ್ ಒಂದು ಸುತ್ತಿಗೆ ಎರಡೂವರೆ ಮೀಟರ್‌ಗಿಂತ ಜಾಸ್ತಿ ಮುಂದೆ ಹೋಗ್ತಿತ್ತು, ಅಂದ್ರೆ ನಿಧಾನ ಹೋಗ್ಬೇಕು ಅಂದ್ರೂ ಹೋಗೋಕೇ ಆಗ್ತಿರ್ಲಿಲ್ಲ, ನಿಂತ್ಕೊಂಡು ತುಳಿಯೋದೊಂದೇ ದಾರಿ, ಆ ತುಳಿತವೇ ಮಂಡಿ ತಿಂದಿದ್ದು. ಈಗಿರೋದು ಮುಂದೆ 22, ಹಿಂದೆ 34. ಒಂದು ಸುತ್ತಿಗೆ ಬರೀ 1.4 ಮೀಟರ್.

ಆದ್ರೆ ಅಲ್ಲಿಗೆ ಬರೋಕೆ ಕೈಸುಟ್ಕೊಂಡಿದ್ದು ಕಮ್ಮಿ ಏನಲ್ಲ. ಮೊದ್ಲು ಸೆಕೆಂಡ್ ಹ್ಯಾಂಡಲ್ಲಿ ಮೌಂಟನ್ ಬೈಕಿಂದು ಮೂರು ಚೈನ್‌ರಿಂಗ್ (ಮುಂದಿನ ಹಲ್ಲು ಚಕ್ರ) ಇರೋ ಕ್ರ್ಯಾಂಕ್ (ಪೆಡಲ್ ಕೂರೋ ತೋಳು) ತಗೊಂಡೆ, ಅಗ್ಗಕ್ಕೆ ಸಿಕ್ತು ಅಂತ ಖುಷಿ. ತಂದು ಕೂರಿಸಿದ್ರೆ ಒಳಗಿನ ರಿಂಗು ಫ್ರೇಮಿಗೆ ಉಜ್ತಾ ಇದೆ, ಎರಡೂ ಪೆಡಲ್ ತೋಳು ಸೇರಿಸೋ ಅಡ್ಡ ಕಂಬಿ, ಅಂದ್ರೆ ಬಾಟಮ್ ಬ್ರಾಕೆಟ್ ಆಕ್ಸಲ್, ಗಿಡ್ಡ. ಅದು ಬದಲಾಯಿಸಿದೆ. ಆಮೇಲೆ ಹಿಂದಿನ ಡಿರೇಲರ್‌ಗೆ ಇಷ್ಟು ಹಲ್ಲಿನ ವ್ಯತ್ಯಾಸ ತಡ್ಕೊಳ್ಳೋ ತಾಕತ್ತಿಲ್ಲ, 22ಕ್ಕೆ ಹಾಕಿದ ತಕ್ಷಣ ಚೈನ್ ಜೋತು ಬೀಳ್ತಿತ್ತು, ಸರಿ ಚೈನ್ ಬಿಗಿ ಹಿಡಿಯೋ ತೋಳು (ಕೇಜ್) ಉದ್ದ ಇರೋದು ತಗೊಂಡೆ. ಮೂರನೇದಾಗಿ ಮುಂದಿನ ಡಿರೇಲರ್ ಕೂಡ ಬದಲಾಯಿಸಿದೆ. ಅಷ್ಟೂ ಸೇರಿಸಿದ್ರೆ ಸೈಕಲ್ ಬೆಲೆಯ ಮೂರನೇ ಒಂದು ಭಾಗ ಹೋಗಿದೆ. ಮೊದಲನೇ ದಿನವೇ ಲೆಕ್ಕ ಹಾಕಿ ಒಟ್ಟಿಗೆ ತಗೊಂಡಿದ್ರೆ ಅದರ ಅರ್ಧದಲ್ಲಿ ಮುಗೀತಿತ್ತು. ಎರಡನೇ ಸಲ ಸೋತಾಗ ಮನೆಗೆ ಬರೋಕೆ ಬಾಡಿಗೆ ಗಾಡಿ ಮಾಡ್ಕೊಂಡಿದ್ದೆ, ಆ ದುಡ್ಡಲ್ಲಿ ಒಂದು ಜೊತೆ ಒಳ್ಳೆ ಟೈರ್ ಬರ್ತಿತ್ತು, ಅದು ಇವತ್ತಿಗೂ ಹೊಟ್ಟೆ ಉರಿಸುತ್ತೆ.

ಬ್ಯಾಲೆನ್ಸ್ ವಿಷ್ಯ. ಹಿರಿಯರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಮೊದಲ ವಾರ ಹ್ಯಾಂಡಲ್ ಅತ್ತ ಇತ್ತ ಓಲಾಡ್ತಿತ್ತು. ಪೆಡಲ್ ನಿಮಿಷಕ್ಕೆ 60-65 ಸುತ್ತು ಬಿಡದೆ ತಿರುಗಿಸ್ತಾ, ಕಣ್ಣು ಮುಂದಿನ ಚಕ್ರದ ಮೇಲಿಡದೆ ಹತ್ತು ಮೀಟರ್ ಆಚೆಗಿಟ್ರೆ ನಿಲ್ಲುತ್ತೆ. ಮನೆ ಹತ್ರದ ಏರಲ್ಲಿ ಮೂರು ವಾರ ಬರೀ ಇದನ್ನೇ ಮಾಡ್ದೆ. ಈಗ ರಸ್ತೆ ಅಂಚಿನ ಬಿಳಿ ಗೆರೆ ಮೇಲೇ ಗಂಟೆಗೆ ನಾಲ್ಕೂವರೆ ಕಿ.ಮೀ.ನಲ್ಲಿ ಹೋಗ್ತೀನಿ, ಗೆರೆ ಬಿಡಲ್ಲ. ನಮ್ಮಲ್ಲಿ ಇನ್ಯಾರೂ ಇದನ್ನ ಮಾಡಿ ತೋರಿಸಿಲ್ಲ.

ಆ ದಿನ ದೊಡ್ಡ ಏರು ನಾಲ್ಕು. ಮೂರನೇದು ಮಧ್ಯಾಹ್ನದ ಬಿಸಿಲಿಗೆ ಸಿಕ್ತು, ಹನ್ನೊಂದು ಕಿ.ಮೀ., ನೆರಳೇ ಇಲ್ಲ. ಅಷ್ಟು ನಿಧಾನ ಹೋಗುವಾಗ ಗಾಳಿ ಮೈಗೆ ಹತ್ತಲ್ಲ, ಗಲ್ಲದಿಂದ ಬೆವರು ಒಂದೊಂದೇ ಹನಿ ಫ್ರೇಮಿನ ಕೊಳವೆ ಮೇಲೆ ಬೀಳ್ತಿತ್ತು, ಬಿದ್ದಿದ್ದು ಒಣಗಿ ಉಪ್ಪಿನ ಬಿಳಿ ಚುಕ್ಕಿ ಆಗ್ತಿತ್ತು, ನಾನು ಆ ಚುಕ್ಕಿ ನೋಡ್ಕೊಂಡೇ ಉಪ್ಪು ಎಷ್ಟು ಹೋಗ್ತಿದೆ ಅಂತ ಅಂದಾಜು ಮಾಡ್ದೆ. ಕಾಲು ಗಂಟೆಗೊಂದ್ಸಲ ನಾಲ್ಕು ಗುಟುಕು ನೀರು, ಗಂಟೆಗೊಂದ್ಸಲ ಬಾಳೆಹಣ್ಣೋ ಖರ್ಜೂರನೋ, 50-60 ಗ್ರಾಂ ಕಾರ್ಬೋಹೈಡ್ರೇಟ್ ಆಗೋ ಹಾಗೆ, ಹಸಿವಾಗೋವರ್ಗೂ ಕಾಯಲ್ಲ. ಮೊದಲನೇ ಬಾಟ್ಲಿ ಬರೀ ನೀರು. ಎರಡನೇ ಬಾಟ್ಲಿಗೆ ಉಪ್ಪಿನ ಜೊತೆ ಇನ್ನೇನು ಹಾಕ್ತೀನಿ ಅನ್ನೋದು ನನ್ನ ಹತ್ರಾನೇ ಇರ್ಲಿ, ಎರಡು ವರ್ಷ ಹೊಟ್ಟೆ ಕೆಡಿಸ್ಕೊಂಡು ಕಂಡ್ಕೊಂಡಿರೋದು.

ಏರಿನ ಮಧ್ಯದಲ್ಲಿ ನಿಲ್ಲಲ್ಲ ಅನ್ನೋದು ಒಂದೇ ನಿಯಮ. ಒಂದು ಪೂರ್ತಿ ವಾಕ್ಯ ಉಸಿರು ಕಟ್ಟದೆ ಮಾತಾಡೋಕೆ ಬರ್ಬೇಕು, ಬರ್ಲಿಲ್ಲ ಅಂದ್ರೆ ಗೇರ್ ಇಳಿಸು, ಕೊನೇ ಗೇರಲ್ಲೇ ಇದ್ರೆ ಪೆಡಲ್ ನಿಧಾನ ಮಾಡು. ಮುಂಚೆ ಏರಲ್ಲಿ ಜೋರಾಗಿ ಹೋಗಿ ಉಳಿಸಿದ ಹತ್ತು ನಿಮಿಷಕ್ಕೆ ಮೇಲೆ ಹೋಗಿ ಅರ್ಧ ಗಂಟೆ ಮಲಗ್ತಿದ್ದೆ, ಸೋತ ದಿನಗಳಲ್ಲಿ ನಿಂತಿದ್ದೇ ನಾಲ್ಕು ಗಂಟೆ ಮೇಲೆ ಆಗಿತ್ತು. ಈ ಸಲ ಊಟ, ನೀರು ತುಂಬ್ಸೋದು, ಒಂದು ಪಂಚರ್ ಎಲ್ಲಾ ಸೇರಿ ಒಂದೂವರೆ ಗಂಟೆ.

ಇಳಿಜಾರಿನ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ಮೊದಲನೇ ಸಲ ಸೋತಿದ್ದು ಇಳಿಜಾರಲ್ಲಿ. ಚಕ್ರದ ರಿಮ್ಮನ್ನೇ ಒತ್ತಿ ಹಿಡಿಯೋ ರಿಮ್ ಬ್ರೇಕು, ನೂರು ಕೆ.ಜಿ. ಭಾರ, ಹೆದರ್ಕೊಂಡು ಉದ್ದಕ್ಕೂ ಬ್ರೇಕ್ ಹಿಡ್ಕೊಂಡೇ ಇಳಿದೆ. ರಬ್ಬರ್ ಸುಟ್ಟ ವಾಸನೆ ಬಂತು, ಆಮೇಲೆ ಮುಂದಿನ ಟ್ಯೂಬ್ ಢಂ ಅಂತ ಹೋಯ್ತು, ತಿರುವಲ್ಲಿ ಸ್ಪೀಡ್ ಕಮ್ಮಿ ಇದ್ದಿದ್ದಕ್ಕೆ ಬಚಾವಾದೆ. ಬಾಟ್ಲಿ ನೀರು ರಿಮ್ ಮೇಲೆ ಹಾಕಿದ್ರೆ ಚುರ್ ಅಂತು. ಈಗ ತಿರುವಿಗೆ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ಪೂರ್ತಿ ಬಿಡ್ತೀನಿ, ನೇರ ರಸ್ತೇಲಿ ಎದೆ ಎತ್ತಿ ನೆಟ್ಟಗೆ ಕೂತು ಗಾಳಿಗೇ ಬ್ರೇಕ್ ಕೆಲಸ ಕೊಡ್ತೀನಿ. ಕಡಿದಾಗಿ ಉದ್ದಕ್ಕೆ ಇಳಿದ್ರೆ ಮಧ್ಯೆ ನಿಂತು ಆರಿಸ್ತೀನಿ.

ಇದರ ಮಧ್ಯೆ ಲಗೇಜ್ ಪ್ರಯೋಗಾನೂ ಮಾಡ್ದೆ. ಎಲ್ಲಾ ಭಾರ ಹಿಂದಿನ ಕ್ಯಾರಿಯರ್ ಮೇಲೆ ಇದ್ದಾಗ 45ರ ಸ್ಪೀಡಲ್ಲಿ ಸೈಕಲ್ ನಡುಗೋಕೆ ಶುರುವಾಗ್ತಿತ್ತು, ಮಂಡಿಗಳಿಂದ ಫ್ರೇಮ್ ಅದುಮಿ ಹಿಡಿದ್ರೆ ನಿಲ್ತಿತ್ತು. ಐದು ಕೆ.ಜಿ. ಮುಂದಿನ ಚಕ್ರದ ಪಕ್ಕ ಕೆಳಗೆ ಕಟ್ಟಿದೆ, ನಡುಕ ಹೋಯ್ತು, ಏರಲ್ಲಿ ಮುಂದಿನ ಚಕ್ರ ಎತ್ಕೊಳ್ಳೋದೂ ನಿಂತ್ತು. 28 ಮಿ.ಮೀ. ಅಗಲದ ಟೈರ್ ತೆಗೆದು 38ರದ್ದು ಹಾಕಿ ಗಾಳಿ 50-55 ಪಿಎಸ್ಐಗೆ ಇಳಿಸಿದೆ, ಎಲ್ರೂ ಎಳೆಯುತ್ತೆ ಅಂದ್ರು, ಕಿತ್ತೋದ ಹಳ್ಳಿ ರಸ್ತೇಲಿ ನಂಗೇನೂ ನಿಧಾನ ಅನ್ನಿಸಿಲ್ಲ, ಅಂಗೈ ಜೋಮು ಹಿಡಿಯೋದು ಪೂರ್ತಿ ಹೋಯ್ತು. ಚೈನಿಗೆ ಮೇಣ ಹಾಕಿ ನೋಡಿದ್ದು ಮಾತ್ರ ಮಳೆಗೆ ಒಂದೇ ದಿನಕ್ಕೆ ಕೀಚಲು ಶುರುವಾಯ್ತು, ವಾಪಸ್ ಎಣ್ಣೆಗೇ ಬಂದೆ.

ಮ್ಯಾಪಲ್ಲಿ ಏರು ನೋಡಿ ದಿನಾನ ಹೇಗೆ ತುಂಡು ಮಾಡ್ತೀನಿ ಅಂತ ಕೆಲವರು ಕೇಳಿದ್ರು, ಅದನ್ನ ಇಲ್ಲಿ ಬರೆಯಲ್ಲ, ಜೊತೇಲಿ ಬಂದೋರಿಗೆ ದಾರೀಲಿ ಹೇಳ್ತೀನಿ. ಕಡೇ ಏರು ಐದು ಗಂಟೆಗೆ ಮುಗೀತು, ತುದೀಲಿ ನಿಂತು ಹ್ಯಾಂಡಲ್ ಮೇಲಿನ ಸ್ಪೀಡ್ ತೋರಿಸೋ ಕಂಪ್ಯೂಟರ್ ನೋಡಿದೆ, ಆ ಏರಲ್ಲಿ ಸರಾಸರಿ ಗಂಟೆಗೆ 5.8 ಕಿ.ಮೀ. ಬೆಳಗ್ಗೆ ಮೊದಲ ಏರಲ್ಲಿ 5.9 ಇತ್ತು. ಫೋಟೋ ತೆಗೆದು ಹಿರಿಯರಿಗೆ ಕಳಿಸಿದೆ. ರಾತ್ರಿ ಫೋನ್ ಮಾಡಿ "22ರ ಕ್ರ್ಯಾಂಕ್‌ಗೆ ಆಕ್ಸಲ್ ಎಷ್ಟು ಉದ್ದದ್ದು ಹಾಕ್ದೆ?" ಅಂತ ಕೇಳಿದ್ರು.